ಪೀರಮ್ಮನ ಇಡೀ ಕುಬಸ

"ಅವ್ವಾ, ಪೀರಮ್ಮಜ್ಜಿ ಯಾಕ ಎಲ್ಲಾರ ಅರಬಿ ನೆಕ್ಕತಾಳ?"

ಮೈತ್ರಿ ಇದನ್ನು ಕೇಳಿದ್ದು ಗೋರಖಪುರದ ಕಡೆ ಓಡುತ್ತಿದ್ದ ರೈಲಿನಲ್ಲಿ, ಇಡೀ ಬೋಗಿಗೆ ಕೇಳುವಷ್ಟು ದನಿಯಲ್ಲಿ. ಎದುರಿನ ಸೀಟಿನಲ್ಲಿ ಪೀರಮ್ಮ ಪಕ್ಕದ ಹೆಂಗಸಿನ ಸೆರಗಿನ ತುದಿ ಹಿಡಿದು, ನಾಲಿಗೆಗೆ ತಾಗಿಸಿ, ತನ್ನ ಬಿಳಿ ಕರವಸ್ತ್ರಕ್ಕೆ ತಿಕ್ಕಿ ನೋಡುತ್ತಿದ್ದಳು. ಸೆರಗಿನ ಒಡತಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದದ್ದು ಎಲ್ಲರ ಪುಣ್ಯ.

ಅಂಬಿಕಾ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಅವ್ವನ ತಂಗಿ ಪೀರಮ್ಮನಿಗೆ ಏನೂ ಅನ್ನಿಸಿರಲಿಲ್ಲ. "ಬಣ್ಣ ಬಿಡ್ತೈತೋ ಇಲ್ಲೋ ನೋಡಾಕತ್ತೀನಿ ಕೂಸ. ನೀರಿಗಿಂತ ಉಗುಳು ಖರೇ ಹೇಳ್ತೈತಿ."

"ನಾ ಏನಾರ ಬಾಯಾಗ ಹಾಕ್ಕೊಂಡ್ರ ಅವ್ವ ಹೊಡೀತಾಳ."

"ನಿಮ್ಮವ್ವ ನರ್ಸಮ್ಮ, ನಾ ಟೇಲರ್. ಆಕಿಗೆ ಹುಳ ಕಾಣ್ತಾವ, ನನಗ ಬಣ್ಣ ಕಾಣ್ತೈತಿ."

ಅಂಬಿಕಾಳಿಗೆ ನಗು ಬಂತು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಅವಳು ದಿನವಿಡೀ ಕೈ ತೊಳೆಯಿರಿ, ಬಾಯಿ ಮುಚ್ಚಿರಿ ಎಂದು ಜನರಿಗೆ ಹೇಳುವವಳು; ಅವಳ ಬಿಳಿ ಯೂನಿಫಾರ್ಮಿನ ಬಟ್ಟೆಯನ್ನೂ ಪೀರಮ್ಮ ಹೀಗೇ ನೆಕ್ಕಿ ನೋಡಿ, "ಬಿಳೀದೂ ಬಣ್ಣ ಬಿಡ್ತೈತಿ ಯವ್ವಾ, ನಿನಗ ಗೊತ್ತಿಲ್ಲ" ಎಂದು ಹೇಳಿಯೇ ಹೊಲಿದುಕೊಟ್ಟಿದ್ದಳು.

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಅಕ್ಕಿ ಮಿಲ್ಲಿನ ತೌಡು ಹಾರಿಬಂದು ಕೂರುವ ಪಡಸಾಲೆಯೊಂದರಲ್ಲಿ ಪೀರಮ್ಮನ ಮಷೀನು ಇದೆ. ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಲಿ ಹೆಂಗಸರು, ಬಳಗಾನೂರಿನಿಂದ ಬಸ್ ಹತ್ತಿ ಬರುವ ರೈತರ ಮನೆಯವರು, ಶಾಲೆ ಟೀಚರುಗಳು, ಎಲ್ಲರೂ ತಮ್ಮ ತಮ್ಮ ಬಟ್ಟೆ ತಂದು ಕೊಡುತ್ತಾರೆ. ಉಳಿದ ಚೂರು ಹೊಲಿದವಳಿಗೆ. ಆ ಚೂರುಗಳಿಂದಲೇ ಪೀರಮ್ಮನ ಕುಪ್ಪಸಗಳು ಹುಟ್ಟುತ್ತವೆ: ತೋಳು ಒಬ್ಬರದು, ಬೆನ್ನು ಇನ್ನೊಬ್ಬರದು, ಎದೆ ಮತ್ತಾರದೋ. ಅವಳು ಓಣಿಯಲ್ಲಿ ಹೊರಟರೆ ಹೆಂಗಸರು ಕುಪ್ಪಸ ನೋಡಿಯೇ ತಮಾಷೆ ಮಾಡುತ್ತಾರೆ. "ಪೀರಮ್ಮಾ, ನನ್ನ ಮಗಳ ಲಗ್ನ ನಿನ್ನ ಬಲಗೈ ಮ್ಯಾಲ ಐತಲ್ಲಬೇ." ಪೀರಮ್ಮನೂ ಬಿಡುವುದಿಲ್ಲ. "ಲಗ್ನಕ್ಕ ಕರೀಲಿಲ್ಲ ನೀ, ಅದಕ್ಕ ಲಗ್ನಾನ ಮೈಮ್ಯಾಲ ಹಾಕ್ಕೊಂಡೀನಿ."

ಹಾಗೆಂದು ನಗಿಸಿದರೂ ಒಳಗೊಂದು ಆಸೆ ಇತ್ತು. "ಕೈಯಾಗ ಕತ್ತರಿ ಇದ್ದಾಕಿ ಅರಬಿ ಯಾಕ ಕೊಳ್ಳಬೇಕು?" ಎಂದು ಅತ್ತೆ ಹೇಳಿದ ಮಾತು ಅತ್ತೆ ಹೋದ ಮೇಲೂ ಮನೆಯಲ್ಲಿ ಉಳಿದುಬಿಟ್ಟಿತ್ತು. ಗಂಡ ಲಕ್ಷ್ಮಣ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ ಕಾಲದಿಂದ ಇಂದಿನವರೆಗೂ, ತಾನೇ ಆರಿಸಿದ ಒಂದೇ ಬಟ್ಟೆಯಲ್ಲಿ ಕತ್ತರಿಸಿದ ಕುಪ್ಪಸ ಪೀರಮ್ಮನ ಮೈ ಏರಿರಲಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬೌದ್ಧ ಮನೆತನಗಳು ಸೇರಿ ಲುಂಬಿನಿಗೆ ಹೊರಡುವುದೆಂದು ಗೊತ್ತಾದಾಗ ಅವಳು ಎಲ್ಲರಿಗಿಂತ ಮೊದಲು ಬಂದು ಹೆಸರು ಹೇಳಿದಳು. "ಬುದ್ಧ ಹುಟ್ಟಿದ ಜಾಗಾ ನೋಡ್ತೀನಿ. ಆ ಊರಿಂದ ನನಗೊಂದು ಕುಬಸ ತರ್ತೀನಿ. ಇಡೀದು."

ಯಾತ್ರೆಯ ಮುಂದಾಳು ಪಂಪಾಪತಿ, ಬಸ್ ಕಂಡಕ್ಟರನಾಗಿದ್ದು ನಿವೃತ್ತನಾದವನು. ನೌಕರಿ ಹೋದರೂ ಸೀಟಿ ಹೋಗಿರಲಿಲ್ಲ, ಕೊರಳಲ್ಲೇ ತೂಗುತ್ತಿತ್ತು. "ಬುದ್ಧನ್ನ ನೋಡಾಕ ಹೊಂಟೀವಿ ಪೀರಮ್ಮಕ್ಕ, ಅರಬಿ ನೋಡಾಕಲ್ಲ."

"ಬುದ್ಧನೂ ಅರಬಿ ಹೊದ್ದಾನಲ್ಲೋ ತಮ್ಮಾ."

ಗೋರಖಪುರದಲ್ಲಿ ಇಳಿದು ಬಸ್ ಹಿಡಿದು, ಸುನೌಲಿಯಲ್ಲಿ ನೇಪಾಳದ ಗಡಿಯ ಕಮಾನು ದಾಟಿದಾಗ ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಪೀರಮ್ಮ ಎದ್ದು ನಿಂತು ಹಿಂದೆ ನೋಡಿದಳು, ಮುಂದೆ ನೋಡಿದಳು. "ಇಷ್ಟ ಏನು ಪರದೇಶ? ಕ್ಯಾನಾಲ್ ದಾಟಿದಂಗಾತು." ಆದರೆ ಭೈರಹವಾದ ಬಜಾರು ಕಂಡದ್ದೇ ಸೊಂಟದ ಚೀಲ ಮುಟ್ಟಿ ನೋಡಿಕೊಂಡಳು. ಊಟಕ್ಕೆಂದು ಬಸ್ ನಿಂತಿತ್ತು. ಪಂಪಾಪತಿ ಅರ್ಧ ತಾಸು ಎಂದು ಸಾರುವುದರೊಳಗೆ ಪೀರಮ್ಮ ರಸ್ತೆಯಲ್ಲಿದ್ದಳು. ಅಂಬಿಕಾ ಮಗಳನ್ನು ಕಂಕುಳಲ್ಲಿ ಇರುಕಿಕೊಂಡು, ನೀರಿನ ಬಾಟಲಿ ಹೆಗಲಿಗೇರಿಸಿ ಹಿಂದೆ ಓಡಿದಳು.

"ಚಿಗವ್ವಾ, ನಿಂದ್ರು. ಮೊಣಕಾಲು ನೋವು ಅಂತಿದ್ದಿ?"

"ಅದು ನಮ್ಮ ದೇಶದಾಗ ಇತ್ತು."

ಉಣ್ಣೆಯ ಶಾಲುಗಳು, ಮಣಿಸರದ ಗೊಂಚಲುಗಳು, ಹಿತ್ತಾಳೆ ಗಂಟೆಗಳು, ಯಾವುದಕ್ಕೂ ಅವಳ ಕಣ್ಣು ನಿಲ್ಲಲಿಲ್ಲ. ಓಣಿಯ ತಿರುವಿನ ಒಂದು ಅಂಗಡಿಯಲ್ಲಿ ನಿಂತಿತು. ಗೋಡೆಯ ತುಂಬ ಕೈಮಗ್ಗದ ಬಟ್ಟೆ: ಬಿಳಿ ನೆಲದ ಮೇಲೆ, ಕಪ್ಪು ನೆಲದ ಮೇಲೆ, ಕೆಂಪು ಕಿತ್ತಳೆ ನೂಲಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುವ ಚಿತ್ತಾರ. ಢಾಕಾ ಅಂತ ಇದರ ಹೆಸರು, ಮೇಲಿನ ಗುಡ್ಡಗಾಡಿನಲ್ಲಿ ನೇಯುತ್ತಾರೆ ಎಂದು ಅಂಗಡಿಯಾಕೆ ಹಿಂದಿಯಲ್ಲಿ ಹೇಳಿದಳು. ಪೀರಮ್ಮನಿಗೆ ಸಿಂಧನೂರಿನ ಸಂತೆಯ ಉರ್ದು ಬರುತ್ತಿತ್ತು. ವ್ಯಾಪಾರಕ್ಕೆ ಅದು ಸಾಕಾಯಿತು.

ಅಂಗಡಿಯಾಕೆ ದೊಡ್ಡ ಸುರುಳಿಯೊಂದನ್ನು ಎಳೆದು ಹರಡಿದಳು. ಪೀರಮ್ಮ ಅದನ್ನು ಪಕ್ಕಕ್ಕೆ ಸರಿಸಿದಳು. "ಇದು ಅಗಲ ಭಾಳ ಐತಿ. ಮಿಲ್ಲಿಂದು." ಅವಳ ಲೆಕ್ಕದಲ್ಲಿ ಖರೇ ಕುಪ್ಪಸದ ಬಟ್ಟೆಯೆಂದರೆ ಗುಳೇದಗುಡ್ಡದ ಕಣ, ಅಗಲ ಕಡಿಮೆ, ಎರಡೂ ಕಡೆ ಅಂಚು, ಅಂದವಾಗಿ ಮಡಿಸಿಟ್ಟ ಒಂದೊಂದೇ ತುಂಡು. ಅಂಥವೇ ತುಂಡುಗಳು ಮೂಲೆಯ ಗೂಡಿನಲ್ಲಿ ಕಂಡವು. ಒಂದನ್ನು ಎತ್ತಿಕೊಂಡಳು. ಎರಡೂ ಕಡೆ ಅಂಚು. ಕಣ್ಣು ಹೊಳೆಯಿತು. ಬಟ್ಟೆಯ ಮೂಲೆ ನೇರ ನಾಲಿಗೆಗೆ ಹೋಯಿತು.

"ಜೂಠಾ ಮಾಡಿದಿರಲ್ಲ," ಎಂದಳು ಅಂಗಡಿಯಾಕೆ.

ಎಂಜಲು. ಆ ಮಾತು ಯಾವ ಭಾಷೆಯಲ್ಲಿದ್ದರೂ ಪೀರಮ್ಮನಿಗೆ ತಿಳಿಯುತ್ತದೆ. ಹರೆಯದಲ್ಲಿ ಅವಳು ಹೊಲಿದುಕೊಟ್ಟ ಕುಪ್ಪಸಗಳನ್ನು ಕಟ್ಟೆಯ ಮೇಲೆ ಇಡಿಸಿ, ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದ ಮನೆಗಳಿದ್ದವು. ಅಂಬಿಕಾ ಇದನ್ನು ತನ್ನ ತಾಯಿಯಿಂದ ಕೇಳಿದ್ದಳು. ಪೀರಮ್ಮನ ಕೈ ಬಟ್ಟೆಯ ಮೇಲೆ ಹಾಗೇ ನಿಂತಿತು. ಅಂಬಿಕಾ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪೀರಮ್ಮ ಅಂಗಡಿಯ ಬಾಗಿಲ ಕಡೆ ಬೆರಳು ತೋರಿಸಿದಳು. ಅಲ್ಲಿ ಅದೇ ಅಂಗಡಿಯ ದರ್ಜಿ ಮಷೀನಿನ ಮುಂದೆ ಕೂತು ದಾರದ ತುದಿಯನ್ನು ಬಾಯಲ್ಲಿ ನೆನೆಸುತ್ತಿದ್ದ.

"ಅಂವ ದಾರ ನೆಕ್ಕಿದ್ರ ನಡೀತೈತಿ, ನಾ ಅರಬಿ ನೆಕ್ಕಿದ್ರ ಎಂಜಲ ಏನು?" ಎಂದು ಸಂತೆಯ ಉರ್ದುವಿನಲ್ಲಿ ಕೇಳಿದಳು. ಕೇಳಿದ ದನಿ ಜಗಳದ್ದಲ್ಲ, ಲೆಕ್ಕದ್ದು.

ದರ್ಜಿ ದಾರವನ್ನು ಬಾಯಲ್ಲೇ ಇಟ್ಟುಕೊಂಡು ತಲೆ ಎತ್ತಿದ. ಅಂಗಡಿಯಾಕೆ ಅವನನ್ನು ನೋಡಿದಳು, ಪೀರಮ್ಮನನ್ನು ನೋಡಿದಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. "ನೀವೂ ಹೊಲಿಯೋರಾ?" ಎಂದು ಕೇಳಿ ಮಣೆ ಸರಿಸಿ ಕೂರಲು ಹೇಳಿದಳು. ಕೂರುವುದೆಲ್ಲಿ? ಅತ್ತ ಪಂಪಾಪತಿಯ ಸೀಟಿ ಕೂಗತೊಡಗಿತ್ತು. ಪೀರಮ್ಮ ಬಣ್ಣ ಬಿಡದ ಆ ತುಂಡನ್ನು ಎದೆಗವಚಿಕೊಂಡು, ಸೊಂಟದ ಚೀಲ ಬಿಚ್ಚಿ ಕೊಡುವುದನ್ನು ಕೊಟ್ಟು, ಮತ್ತೆ ಓಟ ಕಿತ್ತಳು.

"ಬಿಚ್ಚಿ ನೋಡ್ಲಿಲ್ಲಲ್ಲ ಚಿಗವ್ವಾ," ಎಂದಳು ಅಂಬಿಕಾ ಬಸ್ಸಿನಲ್ಲಿ.

"ಕಣದ ಮಡಿಕಿ ಅಂಗಡ್ಯಾಗ ಬಿಚ್ಚಬಾರದು ಅಂತಿದ್ಲು ನಮ್ಮತ್ತಿ. ಉಡಿ ತುಂಬೂ ಅರಬಿ ಅದು." ದಾರಿಯುದ್ದಕ್ಕೂ ಅವಳು ಮಡಿಕೆಯ ಮೇಲೆ ಕೈ ಆಡಿಸುತ್ತ, ಹಿಂದಿನ ಸೀಟಿನ ಹೆಂಗಸರಿಗೆಲ್ಲ ಅದನ್ನು ಮುಟ್ಟಿಸುತ್ತ ಕೂತಳು. ಬೆನ್ನಿಗೆ ಚಿತ್ತಾರ ಹೀಗೆ ಬರಬೇಕು, ತೋಳಿಗೆ ಅಂಚು ಹೀಗೆ ಕೂರಬೇಕು. ಗಾಳಿಯಲ್ಲೇ ಕುಪ್ಪಸ ಹೊಲಿದು ಮುಗಿಯಿತು.

ಲುಂಬಿನಿಯ ತಂಗುಮನೆಯಲ್ಲಿ ಕೈಕಾಲು ತೊಳೆದು, ಮಂಚದ ಮೇಲೆ ಮಡಿಕೆ ಬಿಚ್ಚಿದಳು. ಬಟ್ಟೆ ಉದ್ದಕ್ಕೆ ಬಿಚ್ಚಿಕೊಂಡಿತು. ಅಗಲಕ್ಕೆ ಬಿಚ್ಚಿಕೊಳ್ಳಲೇ ಇಲ್ಲ. ಪೀರಮ್ಮ ಗೇಣು ಇಟ್ಟಳು. ಮತ್ತೆ ಇಟ್ಟಳು. ಎದೆಗೆ ಹಿಡಿದರೆ ಬಗಲು ಮುಟ್ಟದ ಪಟ್ಟಿ. ಚಹಾ ತಂದ ಅಡುಗೆಯಾಕೆ ಅದನ್ನು ನೋಡಿ ಖುಷಿಪಟ್ಟು, ತುದಿಯನ್ನು ಮೈತ್ರಿಯ ತಲೆಗೆ ಸುತ್ತಿ ತೋರಿಸಿದಳು. ಅದು ಗಂಡಸರ ಟೊಪ್ಪಿಗೆಯ ಬಟ್ಟೆ. ಟೊಪ್ಪಿಗೆಗೆಂದೇ ಅಷ್ಟು ಕಿರಿದಾಗಿ ನೇಯುತ್ತಾರಂತೆ. ಹೆಂಗಸರ ಕುಪ್ಪಸಕ್ಕೆ ಅಗಲದ ಸುರುಳಿ.

ಪೀರಮ್ಮ ಪಕ್ಕಕ್ಕೆ ಸರಿಸಿ ಬಂದದ್ದು ಅದನ್ನೇ.

ಕೋಣೆಯ ಹೆಂಗಸರು ನಕ್ಕರು. ಅವಳೂ ನಕ್ಕಳು. ಆದರೆ ಬಟ್ಟೆ ಮಡಿಸುವಾಗ ಅವಳ ಕೈ ನಿಧಾನವಾಗಿದ್ದದ್ದನ್ನು ಅಂಬಿಕಾ ಗಮನಿಸಿದಳು. "ಬಿಡು, ತೋಳಿಗೆ ಆಗ್ತೈತಿ," ಎಂದಳು ಪೀರಮ್ಮ. "ಉಳದದ್ದಕ್ಕ ಮನ್ಯಾಗ ಚೂರು ಅದಾವ." ಇಷ್ಟು ದೂರ ಬಂದರೂ ಕೈಗೆ ಬಂದದ್ದು ಚೂರೇ ಎಂದುಕೊಂಡು ಅಂಬಿಕಾ ಬಟ್ಟೆಯ ಇನ್ನೊಂದು ತುದಿ ಹಿಡಿದು ಮಡಿಸಲು ಕೂತಳು.

ಮರುದಿನ ಎಲ್ಲರೂ ಅಶೋಕನ ಕಂಬದ ಮುಂದೆ ನಿಂತರು. "ನಮ್ಮ ಮಸ್ಕಿ ಬೆಟ್ಟದ ಕಲ್ಲಿನಾಗ ಬರೆಸಿದ್ನಲ್ಲ, ಅವನ ಕಂಬ," ಎಂದು ಪಂಪಾಪತಿ ಊರಿನ ಬೀಗರನ್ನು ತೋರಿಸಿದ ಹಾಗೆ ತೋರಿಸಿದ. ಪೀರಮ್ಮ ಕೈಮುಗಿದಳು. ಕಣ್ಣು ಮಾತ್ರ ಅರಳಿಮರದ ಕೆಳಗಿದ್ದ ಭಿಕ್ಷು ಹೊದ್ದಿದ್ದ ಕಾವಿ ಚೀವರದ ಮೇಲಿತ್ತು.

"ಅಂಬಿಕಾ, ಆ ಅರಬಿ ನೋಡು. ತುಂಡು ತುಂಡು ಕೂಡಿಸ್ಯಾರ."

ಭಿಕ್ಷುವಿಗೆ ಅವಳ ನೋಟ ಅರ್ಥವಾಯಿತು. ಚೀವರವನ್ನು ಹೀಗೇ ತುಂಡುಗಳಿಂದ, ಗದ್ದೆಯ ಬದುಗಳ ಹಾಗೆ ಹೊಲಿಯುವುದು ಬುದ್ಧನ ಕಾಲದಿಂದ ಬಂದ ರೂಢಿ ಎಂದು ಹಿಂದಿಯಲ್ಲಿ ಹೇಳಿದ. ನಿಜವಾಗಿಯೂ ಅದು ಕ್ಯಾಂಪಿನ ಭತ್ತದ ಗದ್ದೆಗಳನ್ನು ಮೇಲಿಂದ ನೋಡಿದ ಹಾಗೆ ಇತ್ತು. ಪಂಪಾಪತಿಗೆ ಇಂಥ ಅವಕಾಶ ಬಿಡಲಾಗಲಿಲ್ಲ. "ನೋಡು ಪೀರಮ್ಮಕ್ಕ, ಬುದ್ಧನ ಮಂದೀನ ಚೂರು ಹೊದಿತಾರ. ನಿನಗ ಇಡೀದು ಯಾಕ?"

ಪೀರಮ್ಮ ಚೀವರದಿಂದ ಕಣ್ಣು ತೆಗೆಯದೆ ಹೇಳಿದಳು. "ಅವರ ಕಡೆ ಇಡೀದು ಇತ್ತಪಾ, ಬಿಟ್ಟರು. ನನಗೂ ಒಮ್ಮೆ ಇಡೀದು ಸಿಗಲಿ. ಆಮ್ಯಾಲ ಬಿಡೂದು ನೋಡ್ತೀನಿ."

ಪಂಪಾಪತಿ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ಎಲ್ಲರ ಹಿಂದೆ ನಡೆದ.

ವಾಪಸು ಬರುವ ದಿನ ಭೈರಹವಾದಲ್ಲಿ ನಿಲ್ಲುವ ಮಾತಿರಲಿಲ್ಲ. ಆದರೆ ಬಜಾರಿನ ತಿರುವು ಬರುತ್ತಿದ್ದಂತೆ ಪಂಪಾಪತಿ ಡ್ರೈವರನ ಹೆಗಲು ತಟ್ಟಿ ಬಸ್ ನಿಲ್ಲಿಸಿದ. ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡ. "ಹೋಗಿ ಬರ್ರಿ ಅಕ್ಕ. ನಾ ಊದೂದಿಲ್ಲ."

ಈ ಸಲ ಬಸ್ಸಿನ ಅರ್ಧ ಹೆಂಗಸರು ಹಿಂದೆಯೇ ಹೊರಟರು. ಅಂಗಡಿಯಾಕೆ ದೂರದಿಂದಲೇ ಗುರುತು ಹಿಡಿದು, ನಗುತ್ತ ಒಂದು ಲೋಟ ನೀರು ತಂದು ಮುಂದೆ ಇಟ್ಟಳು. ಪೀರಮ್ಮ ಬೆರಳು ಅದ್ದಿ, ಅಗಲದ ಸುರುಳಿಯ ಅಂಚು ನೆನೆಸಿ, ಕರವಸ್ತ್ರಕ್ಕೆ ತಿಕ್ಕಿದಳು. ಆಮೇಲೆ ಮಡಿಕೆ ಬಿಚ್ಚಬಾರದೆಂಬ ಅತ್ತೆಯ ಮಾತನ್ನು ಸಿಂಧನೂರಿನಲ್ಲೇ ಬಿಟ್ಟುಬಂದವಳ ಹಾಗೆ ಒಂದು ಸುರುಳಿ ಬಿಚ್ಚಿಸಿದಳು, ಇನ್ನೊಂದು ಬಿಚ್ಚಿಸಿದಳು. ಬಿಳಿಯದು ಬೇಗ ಮಾಸುತ್ತದೆ. ಕೆಂಪಿನದು ಮದುವಣಗಿತ್ತಿಗೆ ಸರಿ. ಹೆಂಗಸರು ಒಬ್ಬೊಬ್ಬರೂ ಒಂದೊಂದು ಹೇಳಿದರು. ಜಗತ್ತಿನ ಸೀರೆಗಳಿಗೆಲ್ಲ ಕುಪ್ಪಸ ಹೊಂದಿಸುವವಳಿಗೆ ತನಗೆ ಯಾವುದು ಇಷ್ಟ ಎನ್ನುವುದೇ ತಿಳಿಯದೆ ಹಣೆಯಲ್ಲಿ ಬೆವರು ಒಡೆಯಿತು. ಕೊನೆಗೆ ಬದನೆಕಾಯಿ ಬಣ್ಣದ ನೆಲಕ್ಕೆ ಕಿತ್ತಳೆ ಚಿತ್ತಾರ ಏರಿದ ಬಟ್ಟೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿದಳು. ಆಮೇಲೆ ಯಾರ ಮಾತೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಒಂದು ಸಂಜೆ ಡ್ಯೂಟಿ ಮುಗಿಸಿ ಲಿಂಗಸುಗೂರಿನ ಬಸ್ ಇಳಿದ ಅಂಬಿಕಾ ಮಗಳನ್ನು ಕರೆದುಕೊಂಡು ಪೀರಮ್ಮನ ಪಡಸಾಲೆಗೆ ಹೋದಳು. ಟೊಪ್ಪಿಗೆಯ ಬಟ್ಟೆಯಲ್ಲಿ ಟೊಪ್ಪಿಗೆಯೇ ಆಗಿತ್ತು. ದೊಡ್ಡದನ್ನು ಪಂಪಾಪತಿ ಆಗಲೇ ಹಾಕಿಕೊಂಡು ಬಸ್ ನಿಲ್ದಾಣ ಸುತ್ತಿ ಬಂದಿದ್ದ. ಚಿಕ್ಕದು ಮೈತ್ರಿಯ ತಲೆ ಏರಿತು. ಬದನೆಕಾಯಿ ಬಣ್ಣದ ಬಟ್ಟೆ ಮಾತ್ರ ಮಷೀನಿನ ಮೇಲೆ ತೌಡು ಬೀಳದಂತೆ ಪಂಚೆ ಹೊದ್ದು ಹಾಗೇ ಇತ್ತು. ಕತ್ತರಿ ಪಕ್ಕದಲ್ಲೇ ಇತ್ತು.

"ಯಾಕ ಚಿಗವ್ವಾ, ಇನ್ನೂ ಕತ್ತರಿಸಿಲ್ಲ?"

ಪೀರಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. "ಚೂರಾದ್ರ ಒಂದಕ್ಕೊಂದು ಹಚ್ಚಿಗೋತ ಹೋಗೂದು, ಮೈಗೆ ಕುಂತಾಗ ನಿಲ್ಲಿಸೂದು. ಇದು ಇಡೀದು. ಅಳತಿ ಬೇಕು." ಕೊರಳಲ್ಲಿದ್ದ ಅಳತೆಪಟ್ಟಿ ತೆಗೆದು ಅಂಬಿಕಾಳ ಕೈಗಿಟ್ಟಳು. "ಊರ ಮಂದೀದೆಲ್ಲಾ ನಂಗ ಬಾಯಿಪಾಠ ಐತಿ ಯವ್ವಾ. ನಂದ ಗೊತ್ತಿಲ್ಲ. ಒಂದೀಟು ತಗೊಂಡು ಕೊಡು."

ಹಾಗೆಂದು ಅಂಬಿಕಾಳ ಮುಂದೆ, ಅಂಗಿಯ ಅಳತೆ ಕೊಡುವ ಮೈತ್ರಿಯ ಹಾಗೇ, ಎರಡೂ ಕೈ ಅಗಲ ಮಾಡಿ ನಿಂತಳು. "ಬಿಗಿ ಹಿಡೀಬ್ಯಾಡ ಮತ್ತ. ಉಸುರು ಆಡೂವಷ್ಟು ಬಿಡು."