ಹಸಿರು ಗೇಟಿನ ಕೆಂಪು ಗೆರೆ

ನಮ್ಮಪ್ಪನಿಗೆ ಗ್ಯಾರೇಜಿನವರು ಇಟ್ಟ ಹೆಸರು ಭೂತಗನ್ನಡಿ. ಮೂವತ್ತೊಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ, ಗುದ್ದಿಸಿಕೊಂಡು ಬಂದ ಗಾಡಿಗಳಿಗೆ ಮೊದಲಿದ್ದ ಬಣ್ಣವನ್ನೇ ಕಲಸಿಕೊಡುವುದು. ಬಿಳಿಯಲ್ಲೇ ಹದಿನಾಲ್ಕು ಬಗೆ ಇದೆ ಎನ್ನುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಎರಡೇ, ಒಗೆದದ್ದು ಮತ್ತು ಒಗೆಯದ್ದು. ಗಾಡಿ ತಂದವರೆಲ್ಲ ನಿಲ್ಲಿಸಿದ್ದ ಗಾಡಿಗೆ ಯಾರೋ ಬಂದು ಉಜ್ಜಿಕೊಂಡು ಹೋದರು ಎಂದೇ ಶುರುಮಾಡುವವರು. ಅಪ್ಪ ಬಗ್ಗಿ ಗೀರಿನ ಮೇಲೆ ಉಗುರಾಡಿಸಿ, ಕಂಬಕ್ಕೆ ಹೊಡೆದಿದ್ದೀರಿ, ಅದೂ ರಿವರ್ಸ್‌ನಲ್ಲಿ ಎಂದುಬಿಡುತ್ತಿದ್ದರು. ಅದು ನಿಜವೂ ಆಗಿರುತ್ತಿತ್ತು. ದಿನಕ್ಕೆ ಹತ್ತು ಸುಳ್ಳು ಹಿಡಿದ ಆ ಕಣ್ಣನ್ನು ಸಂಜೆ ಅಂಗಿಯ ಜೊತೆ ಗೂಟಕ್ಕೆ ನೇತುಹಾಕಿ ಬಂದಿದ್ದರೆ ನಾವು ಮನೆಯವರು ಬದುಕಿಕೊಳ್ಳುತ್ತಿದ್ದೆವು. ಅವರು ಅದನ್ನು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಫ್ಲಾಸ್ಕ್ ಒಡೆದಿದ್ದೆ. ವಿಚಾರಣೆ ಹನ್ನೊಂದು ದಿನ ನಡೆಯಿತು. ಬೈಗುಳವಿಲ್ಲ, ಹೊಡೆತವಿಲ್ಲ, ಬರೀ ಪ್ರಶ್ನೆ. ಹನ್ನೆರಡನೇ ದಿನ ನಾನೇ ಅತ್ತು ಒಪ್ಪಿಕೊಂಡೆ. ಅಷ್ಟರಲ್ಲಿ ಅಮ್ಮ ಮಾತ್ರ ಬದುಕುವ ದಾರಿ ಕಂಡುಕೊಂಡಿದ್ದಳು. ಏನು ಕೇಳಿದರೂ ಗೊತ್ತಿಲ್ಲ ಎಂದುಬಿಡುವುದು. ಮದುವೆಯಾಗಿ ಮೂವತ್ತನಾಲ್ಕು ವರ್ಷ ಅವಳಿಗೆ ಏನೂ ಗೊತ್ತಿರಲಿಲ್ಲ.

ಅಂಥ ಅಮ್ಮನಿಗೆ ಐವತ್ತಾರನೇ ವಯಸ್ಸಿನಲ್ಲಿ ಕಾರು ಓಡಿಸುವ ಆಸೆ ಹುಟ್ಟಿತು. ಅಪ್ಪನನ್ನು ಒಮ್ಮೆ ಕೇಳಿಯೂ ನೋಡಿದಳು. ಅವರು ಪೇಪರಿನಿಂದ ತಲೆಯೆತ್ತಿ, "ಎಲ್ಲಿಗೆ ಹೋಗ್ಬೇಕಿತ್ತು ನಿನಗೆ?" ಎಂದರು. ಅವಳು ಅಭ್ಯಾಸದಂತೆ ಗೊತ್ತಿಲ್ಲ ಎಂದಳು. ಮಾತು ಅಲ್ಲಿಗೇ ಮುಗಿಯಿತು.

ನನಗೆ ರೇಗಿಹೋಯಿತು. ಕೆಲಸ ಬಿಟ್ಟ ಮೇಲೂ ಪ್ರತಿ ಬುಧವಾರ ಬೆಳಿಗ್ಗೆ ಅಪ್ಪ ಹಳೆಯ ಗ್ಯಾರೇಜಿಗೆ ಬಣ್ಣ ನೋಡಿಕೊಡಲು ಹೋಗುತ್ತಿದ್ದರು. ಆ ಹೊತ್ತಿನಲ್ಲಿ ನಾನೇ ಕಲಿಸುತ್ತೇನೆ ಎಂದೆ. ನಾನೂ ಗಂಡನೂ ಇರುವ ಮನೆಯಲ್ಲಿ ಇದ್ದದ್ದು ಒಂದೇ ಕಾರು, ನನ್ನ ಗಂಡ ಹಟ ಮಾಡಿ ಕೊಂಡ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ನೆಲಕ್ಕಂಟಿದ ಮೈ, ಕಡುಗಪ್ಪು ಬಣ್ಣ. ಕನ್ನಡಿಗಳ ಬೆನ್ನು, ಬಾಗಿಲಿನ ಕೆಳಗಿನ ಉದ್ದ ಗೆರೆ, ಮುಂದಿನ ಬಂಪರಿನ ತುಟಿ, ಚಕ್ರದೊಳಗಿಂದ ಇಣುಕುವ ಬ್ರೇಕಿನ ಕ್ಯಾಲಿಪರ್, ಇಷ್ಟು ಮಾತ್ರ ಕೆಂಪು. ಅಮ್ಮ ಸೆರಗು ಸಿಕ್ಕಿಸಿಕೊಂಡು ಅದರಲ್ಲಿ ಇಳಿದು ಕೂರುವುದನ್ನು ನೋಡಬೇಕಿತ್ತು.

ಐದನೇ ಬುಧವಾರ ಅವಳೇ ಕಾರನ್ನು ತಮ್ಮ ಮನೆಯ ಅಂಗಳದ ತನಕ ತಂದಳು. ಹೊರಗೆ ತೆಗೆಯುವಾಗ ಡ್ರೈವರ್ ಕಡೆಯ ಕನ್ನಡಿ ಗೇಟಿಗೆ ಕರಕರ ಎಂದು ಉಜ್ಜಿತು. ಗೇಟಿನ ಹಸಿರಿನ ಮೇಲೆ ಗೇಣುದ್ದದ ಕೆಂಪು, ಕನ್ನಡಿಯ ಕೆಂಪಿನ ಮೇಲೆ ಉಗುರಿನಷ್ಟು ಹಸಿರು. ಆ ಹಸಿರು ಯಾವ ಅಂಗಡಿಯಲ್ಲೂ ಸಿಗುವುದಲ್ಲ. ಗ್ಯಾರೇಜಿನಲ್ಲಿ ಉಳಿದ ಏಳೆಂಟು ಡಬ್ಬಿಗಳ ತಳವನ್ನು ಸೇರಿಸಿ ಅಪ್ಪ ತಾವೇ ಕಲಸಿದ ಬಣ್ಣ ಅದು. ಇಳಿದು ನೋಡಿ ಅಮ್ಮ ನಗತೊಡಗಿದಳು, ನನಗೆ ಗಾಬರಿ. ನನ್ನ ಚೀಲದಲ್ಲಿ ಕೆಂಪು ಉಗುರುಬಣ್ಣದ ಬಾಟಲಿ ಇತ್ತು. ಕನ್ನಡಿಗೆ ಎರಡು ಸಲ ಬಳಿದೆವು. ಗೇಟಿಗೆ ಬಳಿಯಲು ಹಸಿರು ಉಗುರುಬಣ್ಣ ಎಲ್ಲಿಂದ ತರುವುದು?

ಅವತ್ತು ಮಧ್ಯಾಹ್ನ ಅಪ್ಪ ಬಂದವರೇ ಗೇಟಿನ ಮುಂದೆ ನಿಂತರು. ಬ್ಲೇಡಿನಿಂದ ಆ ಕೆಂಪನ್ನು ಕೆರೆದು ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡರು. ಮರುದಿನದಿಂದ ಬೀದಿಯಲ್ಲಿ ಕೆಂಪಾಗಿದ್ದ ಯಾವ ಗಾಡಿಗೂ ನೆಮ್ಮದಿಯಿಲ್ಲ. ಗ್ಯಾಸಿನ ವ್ಯಾನು, ಕೊರಿಯರ್ ಬೈಕು, ಎದುರುಮನೆ ಮಗುವಿನ ಮೂರು ಚಕ್ರದ ಸೈಕಲ್, ಎಲ್ಲದರ ಪಕ್ಕದಲ್ಲೂ ಕುಕ್ಕರಗಾಲಲ್ಲಿ ಕೂತು ಪೊಟ್ಟಣ ತೆರೆದು ನೋಡಿದರು. ಕೊನೆಗೆ ಬಂದು ನಿಂತದ್ದು ಪಕ್ಕದ ಮನೆ ಟೈಲರ್ ಮಾಮನ ಕೆಂಪು ಸ್ಕೂಟರಿನ ಹತ್ತಿರ.

ಟೈಲರ್ ಮಾಮನಿಗೂ ಅಪ್ಪನಿಗೂ ಇಪ್ಪತ್ತು ವರ್ಷದ ಸ್ನೇಹ. ಇಬ್ಬರಿಗೂ ಸೇರಿ ಒಂದೇ ಪೇಪರ್. ಅಪ್ಪ ಮುಂದಿನ ಪುಟಗಳನ್ನು ಓದುವವರು, ಮಾಮ ಹಿಂದಿನವನ್ನು. ಹತ್ತು ಗಂಟೆಗೆ ಕಾಂಪೌಂಡಿನ ಮೇಲೆ ಪುಟಗಳು ಅದಲುಬದಲಾಗುತ್ತಿದ್ದವು, ಜೊತೆಗೆ ಅರ್ಧ ಗಂಟೆಯ ಹರಟೆ. ಅಂಥವರ ಸ್ಕೂಟರಿನ ಪಕ್ಕದಲ್ಲಿ ಅಪ್ಪ ಪೊಟ್ಟಣ ಹಿಡಿದು ನೋಡಿದರು. ಎರಡೂ ಹೊಂದುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತೆಂದು ನಾನು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಗ್ಯಾರೇಜಿನಲ್ಲಿ ಒಂದು ಹನಿ ಹೆಚ್ಚಾದರೂ ಡಬ್ಬಿಯನ್ನೇ ಚೆಲ್ಲುತ್ತಿದ್ದ ಮನುಷ್ಯ ಅಂದು, ಬಿಸಿಲಿಗೆ ಮಾಸಿದೆ, ಹತ್ತಿರ ಹತ್ತಿರ ಇದೆ ಎಂದರು. ಮಾಮನನ್ನು ಕರೆದು ನೇರವಾಗಿ ಕೇಳಿಯೂಬಿಟ್ಟರು. ಮಾಮ, "ನಿನಗೆ ಹಾಗನ್ನಿಸಿದ್ರೆ ಹಾಗೇ ಇಟ್ಕೋ" ಎಂದು ಒಳಗೆ ಹೋದರು. ಅಪ್ಪನ ಪಾಲಿಗೆ ಅದೇ ತಪ್ಪೊಪ್ಪಿಗೆ.

ಮರುದಿನದಿಂದ ಎರಡು ಮನೆಗೂ ಬೇರೆ ಬೇರೆ ಪೇಪರ್. ಹತ್ತು ಗಂಟೆಗೆ ಅಪ್ಪ ಅಂಗಳಕ್ಕೆ ಬಂದು ಕಾಂಪೌಂಡಿನ ಕಡೆ ನೋಡಿ ಒಳಗೆ ಹೋಗುತ್ತಿದ್ದರೆಂದು ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು. ತಪ್ಪು ನಮ್ಮದು, ಕಳ್ಳನ ಪಟ್ಟ ಮಾಮನಿಗೆ. ಅಪ್ಪನಿಗೆ ಇದ್ದ ಒಬ್ಬನೇ ಗೆಳೆಯನನ್ನು ನಾವಿಬ್ಬರು ಸೇರಿ ಕಿತ್ತುಕೊಂಡಿದ್ದೆವು. ಹೇಳಿಬಿಡೋಣ ಎಂದರೆ ಅಮ್ಮ ಮುಂದಿನ ವಾರ ಎನ್ನುವಳು. ನಿಜ ಹೇಳಬೇಕೆಂದರೆ ನನಗೂ ಆ ಮುಂದಿನ ವಾರವೇ ಬೇಕಾಗಿತ್ತು.

ಎರಡು ತಿಂಗಳು ನಾನೂ ಗಂಡನೂ ಅಪ್ಪನ ಮನೆಗೆ ಆಟೋದಲ್ಲೇ ಹೋದೆವು, ಬುಧವಾರದ ಪಾಠಕ್ಕೆ ಅಮ್ಮನೇ ನಮ್ಮ ಮನೆಗೆ ಬರತೊಡಗಿದಳು. ಕಾರು ಕಾಣದಿದ್ದದ್ದು ಅಪ್ಪನ ತಲೆಯಲ್ಲಿ ಬೇರೆ ಹುಳ ಬಿಟ್ಟಿತು. ಮಾರಿಬಿಟ್ಟಿರಾ, ಗಂಡಹೆಂಡತಿ ಮುನಿಸಿಕೊಂಡಿದ್ದೀರಾ, ಕೇಸು ಗೀಸು ಏನಾದರೂ ಆಗಿದೆಯಾ ಎಂದು ಸುತ್ತಿ ಬಳಸಿ ಕೇಳತೊಡಗಿದರು. ಪೊಟ್ಟಣ ಹಿಡಿದು ಬಂದು ನೋಡಬೇಕೆಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಹೊಳೆಯುವ ಮೊದಲೇ ಕಾರಿನ ಕೆಂಪನ್ನೆಲ್ಲ ಬೂದು ಮಾಡಿಬಿಡೋಣ ಎಂದವರು ನನ್ನ ಗಂಡ. ಅವರು ಕಟ್ಟಿಸುವ ಹಲ್ಲು ತಯಾರಿಸುವವರು. ಬಾಯಲ್ಲಿರುವ ಹಲ್ಲಿಗೆ ಹೊಸ ಹಲ್ಲಿನ ಬಣ್ಣ ಹೊಂದಿಸುವ ತನಗೆ ಇದ್ಯಾವ ಮಹಾ ಎಂಬ ಧೈರ್ಯ. ಭಾನುವಾರ ಬೆಳಿಗ್ಗೆ ಮನೆ ಮುಂದೆ ಸ್ಪ್ರೇ ಡಬ್ಬಿ, ಟೇಪು ಹರಡಿಕೊಂಡು ಕೂತರು.

ಎಂಟೂವರೆಗೆ ಅಪ್ಪ ಹೇಳದೆ ಕೇಳದೆ ಬಂದಿಳಿದರು. ಹಿಂದೆ ಅಮ್ಮ, ನನ್ನ ಕಡೆ ನೋಡಿ ಕಣ್ಣಲ್ಲೇ ತನಗೇನೂ ಗೊತ್ತಿರಲಿಲ್ಲ ಎಂದಳು. ಈ ಸಲ ನಿಜವಾಗಿಯೂ ಗೊತ್ತಿರಲಿಲ್ಲ.

"ಕೆಂಪಿಗೆ ಏನಾಗಿದೆ?" ಎಂದರು ಅಪ್ಪ.

"ನೋಡಿ ನೋಡಿ ಬೇಜಾರಾಯ್ತು ಮಾವ."

"ಹೋದ ವರ್ಷ ಈ ಕೆಂಪು ನೋಡೇ ತಗೊಂಡೆ ಅಂದಿದ್ರಿ."

ನನ್ನ ಗಂಡ ಟೇಪಿನ ತುದಿ ಹುಡುಕುವುದರಲ್ಲಿ ಮುಳುಗಿದರು. ಅಪ್ಪ ಕಾರಿಗೆ ಒಂದು ಸುತ್ತು ಬಂದರು. ನಂಬರ್ ಪ್ಲೇಟಿನ ಸ್ಕ್ರೂ ಮುಟ್ಟಿದರು, ಬಾನೆಟ್ಟಿನ ಸಂದು ಅಳೆದರು, ಮುಂದಿನ ತುಟಿಯ ಕೆಳಗೆ ಕೈ ಹಾಕಿ ತಡವಿದರು. ಆಮೇಲೆ ಅಡುಗೆಮನೆಗೆ ಬಂದು ದನಿ ತಗ್ಗಿಸಿ, ಅಳಿಯಂದಿರು ಯಾರಿಗಾದರೂ ಗುದ್ದಿ ಬಂದಿದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. ಇದೊಂದು ಪ್ರಶ್ನೆಗಾದರೂ ಸತ್ಯ ಹೇಳಿದೆನಲ್ಲ ಎಂದು ಉಸಿರು ಬಿಟ್ಟೆ. ಅವರು ನಂಬಲಿಲ್ಲ.

ಆದರೆ ಹೊರಗೆ ಹಲ್ಲಿನವರು ಟೇಪು ಅಂಟಿಸುವ ಚಂದವನ್ನು ನೋಡಿಕೊಂಡಿರುವುದು ಅಪ್ಪನಿಂದಾಗಲಿಲ್ಲ. ಹಲ್ಲು ಬೇರೆ, ಗಾಡಿ ಬೇರೆ ಎಂದು ಟೇಪು ಕಿತ್ತುಕೊಂಡರು. ಮನೆಗೆ ಹೋಗಿ ತಮ್ಮ ಸಾಮಾನು ತಂದರು. ಜೊತೆಗೆ ಕಾರು ಮುಚ್ಚಲು ಹಳೆಯ ಪೇಪರಿನ ಒಂದು ಕಟ್ಟು. ನಾನು ಬಿಚ್ಚಿ ಕೊಡುತ್ತ ಹೋದೆ. ಎರಡು ತಿಂಗಳ ಪೇಪರುಗಳು. ಮುಂದಿನ ಪುಟಗಳು ಓದಿ ಮುದುಡಿದ್ದವು. ಹಿಂದಿನ ಪುಟಗಳು ಹಾಕಿಹೋದವನ ಮಡಿಕೆಯಲ್ಲೇ ಗರಿಗರಿಯಾಗಿ ಇದ್ದವು. ಒಂದನ್ನೂ ಅಪ್ಪ ತೆರೆದಿರಲಿಲ್ಲ.

ಗೆರೆಗೆ, ತುಟಿಗೆ ಟೇಪು ಹಾಕಿದ್ದಾಯಿತು. ಕೊನೆಗೆ ಡ್ರೈವರ್ ಕಡೆಯ ಕನ್ನಡಿಗೆ ಬಂದರು. ಬಣ್ಣ ಹೊಡೆಯುವ ಮುಂಚೆ ಜಿಡ್ಡು ಹೋಗಲಿ ಎಂದು ಬಟ್ಟೆಗೆ ಥಿನ್ನರ್ ಹಾಕಿ ಒಂದು ಸಲ ಒರೆಸಿದರು. ಬಟ್ಟೆ ಕೆಂಪಾಯಿತು. ಕಾರ್ಖಾನೆಯಲ್ಲಿ ಬೆಂದ ಬಣ್ಣ ಹಾಗೆ ಒಂದೇ ಒರೆತಕ್ಕೆ ಬರುವುದಿಲ್ಲ. ಅವರು ಬಟ್ಟೆಯನ್ನು ಮೂಗಿಗೆ ಹಿಡಿದರು, ನನ್ನ ಉಗುರು ನೋಡಿದರು. ಇನ್ನೊಂದು ಸಲ ಒರೆಸಿದರು.

ಅಡಿಯಲ್ಲಿ ಹಸಿರು ಇತ್ತು.

ಅಪ್ಪ ಆ ಹಸಿರಿನ ಮೇಲೆ ಉಗುರಾಡಿಸಿದರು. ನಾನೇ ಓಡಿಸುತ್ತಿದ್ದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮೆಟ್ಟಿಲಿನಿಂದ ಎದ್ದು ಬಂದಳು.

"ನಾನೇ," ಎಂದಳು. "ನಾನೇ ಓಡಿಸ್ತಿದ್ದೆ."

ಅಪ್ಪ ಬಟ್ಟೆ ಮಡಿಸಿ ಕೆಳಗಿಟ್ಟರು. "ಹೇಳ್ಬಹುದಿತ್ತಲ್ಲ," ಎಂದರು.

"ನೀವು ಕೇಳ್ಬಹುದಿತ್ತು. ಬೀದಿಯೋರನ್ನೆಲ್ಲ ಕೇಳಿದ್ರಿ, ಆ ಮೂರು ವರ್ಷದ ಮಗೂನೂ ಕೇಳಿದ್ರಿ. ನನ್ನ ಮೇಲೆ ಮಾತ್ರ ಅನುಮಾನ ಬರ್ಲಿಲ್ಲ. ಇವಳ ಕೈಲಿ ಕಾರು ಓಡಿಸೋದು ಎಲ್ಲಾಗುತ್ತೆ ಅಂತ ತಾನೇ?"

ಅಮ್ಮ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಹನ್ನೊಂದು ದಿನದ ವಿಚಾರಣೆ ಶುರುವಾಗುತ್ತದೆಂದು ಕಾದೆ. ಅಪ್ಪ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಾಮಾನಿನ ಪೆಟ್ಟಿಗೆಯಿಂದ ಬೆಂಕಿಪೊಟ್ಟಣ ತೆಗೆದು ಕೆಂಪು ಚೂರನ್ನು ಕನ್ನಡಿಯ ಪಕ್ಕಕ್ಕೆ ಹಿಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪೊಟ್ಟಣ ಮುಚ್ಚಿ, "ನಡಿ, ಅವನ ಹತ್ರ ಹೋಗೋಣ. ನೀನೇ ಓಡಿಸು," ಎಂದರು.

ಮೈತುಂಬ ಟೇಪು ಅಂಟಿಸಿಕೊಂಡ ಕಾರಿನಲ್ಲಿ ಅಮ್ಮ ಓಡಿಸಿದಳು, ಅಪ್ಪ ಪಕ್ಕದಲ್ಲಿ, ನಾನು ಹಿಂದಿನ ಇಕ್ಕಟ್ಟಿನಲ್ಲಿ ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು. ಮನೆ ಮುಂದೆ ಅಪ್ಪ ಇಳಿದು, ಯಾವಾಗಲೂ ಒಂದೇ ಬಾಗಿಲು ತೆಗೆಯುತ್ತಿದ್ದವರು, ಗೇಟಿನ ಎರಡೂ ಬಾಗಿಲನ್ನು ತೆರೆದು ಹಿಡಿದು ನಿಂತರು. ಅಮ್ಮ ಸಲೀಸಾಗಿ ಒಳಗೆ ತಂದಳು.

ಟೈಲರ್ ಮಾಮ ಕಾಂಪೌಂಡಿನ ಆಚೆ ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಿದ್ದರು. ಅಪ್ಪ ಪೊಟ್ಟಣವನ್ನು ಗೋಡೆಯ ಮೇಲಿಟ್ಟು, ನನ್ನದು ತಪ್ಪಾಯಿತು ಎಂದರು. ನಾನೂ ಅಮ್ಮನೂ ನಮ್ಮ ಪಾಲಿನದನ್ನು ಒಪ್ಪಿಕೊಂಡೆವು. ಮಾಮ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟರು.

"ಅವತ್ತು ನಾನಿಲ್ಲೇ ಇದ್ದೆ, ನೋಡಿದೀನಿ," ಎಂದರು.

ಮತ್ತೆ ಯಾಕೆ ಹೇಳಲಿಲ್ಲ ಎಂದು ಅಪ್ಪ ಕೇಳಿದರು.

"ಗೇಟಿಗೆ ತಾಗಿಸಿ ಇಳಿದು ನಿನ್ನ ಹೆಂಡ್ತಿ ನಗ್ತಾ ಇದ್ಳು ಕಣೋ. ಇಪ್ಪತ್ತು ವರ್ಷದಲ್ಲಿ ಹಾಗೆ ನಕ್ಕಿದ್ದು ನಾನು ನೋಡಿರ್ಲಿಲ್ಲ. ನಾನು ಬಾಯಿ ಬಿಟ್ರೆ ಅದು ಅಲ್ಲಿಗೆ ನಿಲ್ತಿತ್ತು." ಮಾಮ ಪೊಟ್ಟಣವನ್ನು ತೆರೆದು ನೋಡಿದರು. "ಕಳ್ಳ ಅಂದಿದ್ದಕ್ಕೆ ನನಗೆ ಬೇಜಾರಿಲ್ಲ. ಇದು ನನ್ನ ಸ್ಕೂಟರ್ ಬಣ್ಣ ಅಂದ್ಯಲ್ಲ, ನಿನ್ನಂಥೋನು. ಅದಕ್ಕೆ ಬೇಜಾರು."

ಅಪ್ಪ ತಲೆ ತಗ್ಗಿಸಿದರು. ಆ ತಲೆ ತಗ್ಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಮ್ಮ ಮಾತ್ರ ಕಾರಿನ ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅಪ್ಪನಿಗೆ ಕೊಡಲಿಲ್ಲ, ಅವರು ಕೇಳಲೂ ಇಲ್ಲ.

ಬೂದು ಬಳಿಯುವ ಕೆಲಸ ಮುಂದಿನ ಭಾನುವಾರಕ್ಕೆ ಹೋಯಿತು. ಇನ್ನು ಮುಚ್ಚಿಡಲು ಏನೂ ಇಲ್ಲವಲ್ಲ, ಕೆಂಪೇ ಇರಲಿ ಎಂದರು ನನ್ನ ಗಂಡ. ಶುರುಮಾಡಿದ ಕೆಲಸ ಅರ್ಧಕ್ಕೆ ಬಿಡುವುದಿಲ್ಲ ಎಂದರು ಅಪ್ಪ. ಕನ್ನಡಿಯ ಬೆನ್ನಿನ ಹಸಿರು ಗೀರಿಗೆ ಮಾತ್ರ ಅವರು ಟೇಪು ಅಂಟಿಸಿ, ಅದಕ್ಕೆ ಬಣ್ಣ ಬೀಳದಂತೆ ನೋಡಿಕೊಂಡರು. ಅದು ಈಗಲೂ ಅಲ್ಲೇ ಇದೆ.

ಅವತ್ತು ಮುಚ್ಚಲು ಪೇಪರ್ ಸಾಲದೆ ಬಂದಾಗ ಟೈಲರ್ ಮಾಮ ಸ್ಕೂಟರಿನಲ್ಲಿ ತಮ್ಮ ಮನೆಯ ಕಟ್ಟನ್ನು ತಂದುಕೊಟ್ಟರು. ಅದೇ ಎರಡು ತಿಂಗಳಿನವು. ನಾನು ಬಿಚ್ಚಿದೆ. ಹಿಂದಿನ ಪುಟಗಳು ಓದಿ ಮುದುಡಿದ್ದವು, ಮುಂದಿನವು ಮಡಿಕೆ ಮುರಿಯದೆ ಇದ್ದವು.