ತೂಬಿನಿಂದ ಹುಣಸೆಮರದವರೆಗೆ

ನನಗೆ ಭಯವಾದರೆ ಕೋಪ ಬರುತ್ತದೆ. ಆ ವರ್ಷ ತಮ್ಮನ ಮೇಲೆ ದಿನವೂ ರೇಗುತ್ತಿದ್ದೆ. ಪೊಲೀಸ್ ಕಾನ್ಸ್‌ಟೇಬಲ್ ಕೆಲಸಕ್ಕೆ ವಯಸ್ಸಿನ ಲೆಕ್ಕದಲ್ಲಿ ಅವನಿಗೆ ಅದೇ ಕೊನೆಯ ಅವಕಾಶ. ಲಿಖಿತ ಪರೀಕ್ಷೆ ಪಾಸಾಗಿತ್ತು. ಇನ್ನು ಸಾವಿರದ ಆರುನೂರು ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕಿತ್ತು.

ನಾನು ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಅಂದಾಜಿನ ಮಾತು ನನಗಾಗದು. ಮೊಬೈಲಿನ ಮ್ಯಾಪು ಅವನನ್ನು ಬುಕ್ಕಾಂಬುಧಿ ಕೆರೆಯ ನೀರಿನ ಮೇಲೆಲ್ಲ ಓಡಿಸಿದ್ದನ್ನು ಕಂಡು, ಶೂ ಲೇಸಿಗೆ ಸಿಕ್ಕಿಸುವ ಸೆನ್ಸರ್ ಒಂದನ್ನು ತರಿಸಿದೆ. ಕೋಟಿನ ಗುಂಡಿಯಷ್ಟು ದಪ್ಪ. ಪಾದ ಯಾವಾಗ ನೆಲ ಮುಟ್ಟಿತು, ಯಾವಾಗ ಎದ್ದಿತು, ಎಷ್ಟು ರಭಸದಿಂದ ಮುಂದಕ್ಕೆ ಹೋಯಿತು ಎಂಬುದನ್ನು ಹಿಡಿದು ಅದು ಹೆಜ್ಜೆಯ ಉದ್ದ ಲೆಕ್ಕ ಹಾಕುತ್ತದೆ. ಹೆಜ್ಜೆಗಳನ್ನು ಕೂಡಿದರೆ ದೂರ, ದೂರವನ್ನು ಸಮಯದಿಂದ ಭಾಗಿಸಿದರೆ ವೇಗ. ಆದರೆ ಮೊದಲು ಗೊತ್ತಿರುವ ಒಂದು ದೂರವನ್ನು ಓಡಿ, ಆ ದೂರ ಇಷ್ಟು ಎಂದು ನಾವೇ ಅದಕ್ಕೆ ಹೇಳಿಕೊಡಬೇಕು.

ಕೆರೆ ಏರಿಯ ಮೇಲೆ ತೂಬಿನಿಂದ ಹುಣಸೆಮರದವರೆಗೆ ಒಂದು ಕಿಲೋಮೀಟರ್. ನಮ್ಮಪ್ಪನೂ ಹಾಗೇ ಹೇಳುತ್ತಿದ್ದರು, ಊರೆಲ್ಲ ಹಾಗೇ ಹೇಳುತ್ತದೆ. ತಮ್ಮ ಅಷ್ಟು ಓಡಿದ. ನಾನು ಫೋನಿನಲ್ಲಿ ಸಾವಿರ ಎಂದು ಒತ್ತಿದೆ.

ಎರಡು ತಿಂಗಳಲ್ಲಿ ಅವನು, ಫೋನಿನ ಲೆಕ್ಕದಲ್ಲಿ, ಸಾವಿರದ ಆರುನೂರು ಮೀಟರಿಗೆ ಆರು ನಿಮಿಷ ಐದು ಸೆಕೆಂಡಿಗೆ ಬಂದ. "ಇನ್ನೇನಕ್ಕ, ಖಾಕಿ ಬಟ್ಟೆಗೆ ಅಳತೆ ಕೊಟ್ಬಿಡ್ಲಾ?" ಎಂದು ಹಲ್ಲು ಕಿರಿಯುತ್ತಿದ್ದ. ಅಮ್ಮ ಆಗಲೇ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಪರೀಕ್ಷೆಗೆ ಐದು ದಿನವಿದ್ದಾಗ, ಮೈದಾನ ರೂಢಿಯಾಗಲಿ ಎಂದು ಕಡೂರಿಗೆ ಕರೆದುಕೊಂಡು ಹೋದೆ. ಸುಣ್ಣದ ಗೆರೆ ಎಳೆದ ನಾನೂರು ಮೀಟರಿನ ಟ್ರ್ಯಾಕು, ನಾಲ್ಕು ಸುತ್ತು. ನಾಲ್ಕನೆಯದರ ಅರ್ಧ ದಾಟುತ್ತಿದ್ದಂತೆ, ಸಾವಿರದ ಆರುನೂರು ಮುಗಿಯಿತೆಂದು ಫೋನು ಬೀಪ್ ಎಂದಿತು. ತಮ್ಮ ಕೈಯೆತ್ತಿ ನಿಂತುಬಿಟ್ಟ.

"ಆಯ್ತು ಕಣಕ್ಕ! ಅರೆ, ಗೆರೆ ಇನ್ನೂ ಅಲ್ಲೈತಲ್ಲ?"

ಗೆರೆಗೆ ಇನ್ನೂ ನೂರರವತ್ತು ಮೀಟರು ಉಳಿದಿತ್ತು. ಲೆಕ್ಕ ಕ್ಷಣದಲ್ಲಿ ಆಗಿಹೋಗಿತ್ತು. ಅದೇ ವೇಗದಲ್ಲಿ ಪೂರ್ತಿ ಓಡಿದರೆ ಆರು ನಿಮಿಷ ನಲವತ್ತೈದು ಸೆಕೆಂಡು.

"ಗ್ರೌಂಡಿನ ಅಳತೇನೇ ತಪ್ಪಿರ್ಬೇಕು, ನಡಿ" ಎಂದು ಅವನ ಮೇಲೇ ರೇಗಿದೆ.

ಬಸ್ಸು ಬೀರೂರು ದಾಟುವವರೆಗೂ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿದೆ. ಹೇಳಿದರೆ ಅವನ ಧೈರ್ಯ ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ನನಗಿದ್ದದ್ದು ನನ್ನ ತಪ್ಪು ಬಯಲಾಗುವ ಹೆದರಿಕೆ. ಎರಡು ದಿನ ಬಾಯಿ ಬಿಡಲಿಲ್ಲ. ಅವನು ಅದೇ ಸುಳ್ಳು ಅಂಕಿ ನೋಡಿಕೊಂಡು, ದಣಿಯದಂತೆ ಹಗುರವಾಗಿ ಓಡುತ್ತಿದ್ದ. ಮಂಗಳವಾರ ಶಾಲೆಯ ಟೇಪು ತಂದು ಒಬ್ಬಳೇ ಏರಿಯನ್ನು ಅಳೆದೆ. ತೂಬಿನಿಂದ ಹುಣಸೆಮರಕ್ಕೆ ಒಂಬೈನೂರು ಮೀಟರು.

ಆಗ ಹೇಳಿದೆ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ತಿರುಗಿ ಕೂಗಾಡಿ ಹಗುರಾಗುತ್ತಿದ್ದೆ.

"ನಿಂಗೆ ಕಡೂರಲ್ಲೇ ಗೊತ್ತಾಗಿತ್ತಾ?"

"ಇಲ್ಲ" ಎಂದೆ.

ಉಳಿದ ಮೂರು ದಿನ ಅವನು ಸೆನ್ಸರ್ ಬಿಚ್ಚಿಟ್ಟು ಹುಚ್ಚು ಹಿಡಿದವನಂತೆ ಓಡಿದ. ಪರೀಕ್ಷೆಯ ದಿನ ನಾನು ಗೇಟಿನ ಹೊರಗೆ ಕಂಬಿ ಹಿಡಿದು ನಿಂತಿದ್ದೆ. ಒಳಗೆ ಯಾರು ಓಡುತ್ತಿದ್ದಾರೆಂದೂ ಕಾಣುತ್ತಿರಲಿಲ್ಲ. ಸೀಟಿ ಕೇಳಿದಾಗಲೆಲ್ಲ ಗಡಿಯಾರ ನೋಡಿಕೊಳ್ಳುತ್ತಿದ್ದೆ. ಅವನು ಹೊರಗೆ ಬಂದು, "ಆರು ಸೆಕೆಂಡು ಜಾಸ್ತಿ ಆಯ್ತಕ್ಕ" ಎಂದ. ಅಷ್ಟೇ. ನಾನು ನುಂಗಿಕೊಂಡ ಎರಡು ದಿನದಲ್ಲಿ ಆರು ಸೆಕೆಂಡು ಸಿಗುತ್ತಿರಲಿಲ್ಲವೇ ಎಂದು ಈಗಲೂ ಲೆಕ್ಕ ಹಾಕುತ್ತೇನೆ.

ಮನೆಯ ಬಾಗಿಲಲ್ಲಿ ಅಮ್ಮ ಕಾಯುತ್ತಿದ್ದಳು. ಯಂತ್ರಕ್ಕೆ ಸಾವಿರ ಎಂದು ಒತ್ತಿದ್ದು ಇವಳೇ ಎಂದು ಅವನು ಈಗ ಹೇಳುತ್ತಾನೆ, ಅಮ್ಮ ನನ್ನ ಮುಖ ನೋಡುತ್ತಾಳೆ ಎಂದು ಹೆದರಿ ಮೆಟ್ಟಿಲ ಬಳಿಯೇ ನಿಂತೆ.

"ಓಡ್ತಾ ಇರೋವಾಗ್ಲೇ ಕಾಲು ಉಳುಕ್ಬಿಡ್ತು ಕಣಮ್ಮ" ಎಂದ ಅವನು.

ಅಮ್ಮ ಅಳುತ್ತಲೇ ಹರಳೆಣ್ಣೆ ಬಿಸಿ ಮಾಡಿ ತಂದಳು. ಏನೂ ಆಗದ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದಳು. ಅವನು ನನ್ನತ್ತ ತಿರುಗದೆ, "ಮೆಲ್ಲಗಮ್ಮ, ನೋಯ್ತದೆ" ಎಂದ.