ಹಳದಿ ಹತ್ತಿ, ಬಿಳಿ ಹತ್ತಿ

ಕಾರ್ತಿಕದ ಒಂದು ಬೆಳಿಗ್ಗೆ, ಆರೂವರೆ. ರಾಯಚೂರಿನ ಜಿನ್ನಿಂಗ್ ಮಿಲ್ಲೊಂದರ ಅಂಗಳದಲ್ಲಿ ಹೀರಾಬಿ ಹಳದಿ ಹತ್ತಿಯನ್ನು ಬಿಳಿ ರಾಶಿಗೆ ಹಾಕುತ್ತಾರೆ.

ಪಕ್ಕದಲ್ಲಿ ಕೂತ ದುರುಗಮ್ಮ ಅದನ್ನೆತ್ತಿ ಹಳದಿಯ ಬುಟ್ಟಿಗೆ ಎಸೆಯುತ್ತಾರೆ. "ಯಕ್ಕಾ, ಸೊಸಿ ಮ್ಯಾಲಿನ ಸಿಟ್ಟು ಹತ್ತಿ ಮ್ಯಾಲ ತೀರಿಸ್ಕೋಬ್ಯಾಡ."

ಹೀರಾಬಿ ನಗುವುದಿಲ್ಲ. ಅವರಿಗೆ ಆ ಹತ್ತಿ ಬೆಳ್ಳಗೇ ಕಂಡಿತ್ತು.

ದೇವದುರ್ಗ, ಗಬ್ಬೂರು, ಮಸರಕಲ್ ಕಡೆಯಿಂದ ಬಂದ ಹತ್ತಿ ಯಂತ್ರಕ್ಕೆ ಹೋಗುವ ಮೊದಲು, ಹುಳ ತಿಂದು ಹಳದಿಯಾದದ್ದನ್ನು ಹೆಂಗಸರು ಸಾಲಾಗಿ ಕೂತು ಆರಿಸುತ್ತಾರೆ. ಆಮೇಲೆ ಯಂತ್ರ ಬೀಜ ಬಿಡಿಸಿದ ಅರಳೆಯಲ್ಲಿ ಹಳದಿ ಕಲೆ ಸಿಕ್ಕರೆ ಯಾರ ತಪ್ಪೆಂದು ಇಲ್ಲಿ ಕೇಳುವುದಿಲ್ಲ. ಆ ರಾಶಿಗೆ ಕೂತ ಇಡೀ ಸಾಲನ್ನೇ ಕೆಲಸದಿಂದ ಎಬ್ಬಿಸುತ್ತಾರೆ. ಮಾನ್ವಿಯಿಂದ ಮದುವೆಯಾಗಿ ಬಂದ ಹೀರಾಬಿ ಇಪ್ಪತ್ತಾರು ಹಂಗಾಮು ಸಾಲಿನ ಮೊದಲಿಗೆ ಕೂತವರು. ಈಗ ವಯಸ್ಸು ಅರವತ್ತು.

ಮೂರು ವರ್ಷದಿಂದ ಅವರಿಗೆ ಪಾರ್ಕಿನ್ಸನ್ ಕಾಯಿಲೆ. ನಡುಗುವ ಬಲಗೈಯನ್ನು ಮೊಣಕಾಲ ಕೆಳಗೆ ಒತ್ತಿಕೊಂಡು ಎಡಗೈಯಲ್ಲಿ ಆರಿಸುತ್ತಾರೆ. ಕೈಯನ್ನು ಅಡಗಿಸಬಹುದು. ಕಣ್ಣಿಗೆ ಪೊರೆ ಬಂದಿರಬೇಕು, ತೆಗೆಸಿದರಾಯಿತು ಎಂದುಕೊಂಡು ಮರುದಿನ ಆಸ್ಪತ್ರೆಗೆ ಹೋಗುತ್ತಾರೆ. ಪೊರೆ ಇಲ್ಲ. ಕಣ್ಣಿನ ಹಿಂಭಾಗದ ಅಕ್ಷಿಪಟಲ ತೆಳುವಾಗಿದೆ. ಪಾರ್ಕಿನ್ಸನ್ ಇರುವ ಹಲವರಲ್ಲಿ ಹೀಗಾಗುತ್ತದೆ ಎನ್ನುತ್ತಾರೆ ವೈದ್ಯರು: ಮಿದುಳಿನಲ್ಲಿ ಕೊರತೆಯಾಗುವ ಡೋಪಮಿನ್ ಕಣ್ಣಿನೊಳಗೂ ಕೆಲಸ ಮಾಡುತ್ತದೆ, ಅದು ಕುಗ್ಗಿದರೆ ಒಂದಕ್ಕೊಂದು ಹತ್ತಿರದ ಬಣ್ಣಗಳು, ಮಬ್ಬು ಬೆಳಕಿನಲ್ಲಂತೂ, ಬೇರೆಯಾಗಿ ಕಾಣುವುದು ಕಷ್ಟ.

"ಪೊರಿ ಅಂದಿದ್ರ ಕುಣಕೋಂತ ಹೋಗ್ತಿದ್ದೆರಿ," ಎನ್ನುತ್ತಾರೆ ಹೀರಾಬಿ ವೈದ್ಯರಿಗೆ. "ಕೈ ನಡುಗಿದ್ರ ನನಗ ಗೊತ್ತಾಗ್ತದ. ಕಣ್ಣು ತಪ್ಪಿದ್ದು ನನಗ ಗೊತ್ತೇ ಆಗಂಗಿಲ್ಲ. ಅದಕ್ಕ ಜೀವ ಝಲ್ ಅಂತದ. ನನ್ನ ಕೂಡ ಏಳು ಮಂದಿ ಕುಂತಾರ."

ಅಂಜುತ್ತಲೇ ಮೇಸ್ತ್ರಿ ಮಲ್ಲೇಶನಿಗೆ ಕಣ್ಣಿನ ಸಂಗತಿ ಹೇಳಿಬಿಡುತ್ತಾರೆ. ಅವನು ಸಾಲಿನ ಹೆಂಗಸರ ಕಡೆ ನೋಡುತ್ತಾನೆ. "ಯವ್ವಾ, ನಿನ್ನೊಬ್ಬಾಕಿ ಸಲುವಾಗಿ ಎಲ್ಲಾರ್ನೂ ಎಬ್ಬಸಾಕ ಆಗಂಗಿಲ್ಲ. ನೀ ಮನ್ಯಾಗ ಇರು."

"ಹಂಗಾರ ದಿನಾ ನಾನ ಆಕಿ ಕಣ್ಣು ನೋಡಿ ಕುಂದ್ರಸ್ತೀನಿ," ಎನ್ನುತ್ತಾರೆ ದುರುಗಮ್ಮ. "ತಪ್ಪಿದ್ರ ಮೊದ್ಲು ನನ್ನ ಎಬ್ಬಸು."

ಅಂದಿನಿಂದ ಹೀಗೆ ನಡೆದಿದೆ. ದುರುಗಮ್ಮ ತಮ್ಮ ಒಂದು ಅಂಗೈಯಲ್ಲಿ ಬಿಳಿ ಹತ್ತಿ, ಇನ್ನೊಂದರಲ್ಲಿ ಹಳದಿ ಹತ್ತಿ ಹಿಡಿಯುತ್ತಾರೆ. ಹಳದಿ ಯಾವುದೆಂದು ಸರಿಯಾಗಿ ಹೇಳಿದ ಮೇಲೆಯೇ ಹೀರಾಬಿ ರಾಶಿಗೆ ಕೈ ಹಾಕಬೇಕು. ಹೇಳಲಾಗದಿದ್ದರೆ ಗೋಡೆಗೊರಗಿ ಬಿಸಿಲು ಏರುವುದನ್ನು ಕಾಯುತ್ತಾರೆ.

"ಹಂಗಾಮು ಮುಗಿಯೂತನಾ ನನ್ನ ಕೈಯಿಂದ ಒಂದೂ ಹಳದಿ ಕಲಿ ಹೋಗಬಾರ್ದು. ಅಷ್ಟ ಸಾಕು," ಎನ್ನುತ್ತಾರೆ ಹೀರಾಬಿ.

ಮೊದಲ ದಿನ ಅವರು ಬೆಳಿಗ್ಗೆ ಏಳೂವರೆಗೇ ಹಳದಿಯನ್ನು ಸರಿಯಾಗಿ ಹೇಳಿದರು. ಕಳೆದ ವಾರ ಅದನ್ನು ಹೇಳುವಷ್ಟರಲ್ಲಿ ಒಂಬತ್ತಾಯಿತು.